ನೋಡಿದ್ದಕ್ಕೂ ರೊಕ್ಕ ತಗೋರಿ, ಗೇರ್ ಬಾಕ್ಸ್ ಮಾತ್ರ ಸುಮ್ಮಸುಮ್ಮನೆ ಇಳಸಬ್ಯಾಡ್ರಿ

ವಿಜಯಪುರ, ತಿಕೋಟಾ, ಬಬಲೇಶ್ವರದ ಗ್ಯಾರೇಜ್ ಮಿಸ್ತ್ರಿಗಳಿಗೆ ಮತ್ತು ಆಟೊ ಇಲೆಕ್ಟ್ರಿಷಿಯನ್ನರಿಗೆ ಒಂದು ಬಹಿರಂಗ ಪತ್ರ

ಅಣ್ಣತಮ್ಮಂದಿರಿಗೆ, ಚಾಚಾಗಳಿಗೆ, ಈಗಷ್ಟೇ ಪಾನಾ ಹಿಡಿಯಲು ಕಲಿಯುತ್ತಿರುವ ಹುಡುಗರಿಗೆ, ಕಾಖಂಡಕಿಯಿಂದ ಶರಣು, ಸಲಾಮ್.

ಯಾರ ಮೇಲೂ ತಕರಾರು ಹೇಳಲು ಬರೆದ ಪತ್ರ ಇದಲ್ಲ. ಒಂದೇ ಕಸುಬಿನವರು ನಾವು. ನಿಮ್ಮಲ್ಲಿ ಆಗದ್ದು ನನ್ನ ಹತ್ತಿರ ಬರುತ್ತದೆ, ನನ್ನಲ್ಲಿ ಆಗದ್ದು ನಿಮ್ಮ ಹತ್ತಿರ ಹೋಗುತ್ತದೆ. ಆದರೆ ಈಚೆಗೆ ನನ್ನ ಅಂಗಡಿಗೆ ಬರುವ ಆಟೊಮ್ಯಾಟಿಕ್ ಕಾರುಗಳ ಕಥೆ ಎಲ್ಲವೂ ಒಂದೇ ನಮೂನೆ ಆಗುತ್ತಿದೆ. ಗಾಡಿ ಮುಂದಕ್ಕೆ ಹೋಗಲಿಲ್ಲ, ಅಥವಾ ಒಂದೇ ಗೇರಿನಲ್ಲಿ ಸಿಕ್ಕಿಕೊಂಡಿತು. ಮಿಸ್ತ್ರಿ ಬಾನೆಟ್ ಎತ್ತಿ, ಸ್ಕ್ಯಾನರ್ ಹಚ್ಚಿ, "ಗೇರ್ ಬಾಕ್ಸ್ ಹೋಗೈತ್ರಿ, ಇಳಸಬೇಕಾಗತೈತಿ" ಅಂದ. ಇಳಿಸಿದ್ದೂ ಆಯಿತು, ಒಳಗೆ ಎಲ್ಲ ಸರಿ ಇತ್ತು. ತಿರುಗಿ ಏರಿಸಿದ್ದಾಯಿತು. ದೋಷ ಮಾತ್ರ ಇದ್ದಲ್ಲೇ ಇತ್ತು. ಅಷ್ಟೊತ್ತಿಗೆ ಮಾಲಕರ ಕಿಸೆಯಿಂದ ಒಂದು ಎತ್ತಿನ ರೊಕ್ಕ ಹೋಗಿರುತ್ತದೆ.

ಮೊದಲಿಗೇ ಒಂದು ಮಾತು, ಮರೆಯುವ ಮುಂಚೆ. ಆಟೊಮ್ಯಾಟಿಕ್ ಗಾಡಿಗೆ ಹಗ್ಗ ಕಟ್ಟಿ ಟ್ರ್ಯಾಕ್ಟರ್ ಹಿಂದೆ ಎಳೆಸಬೇಡಿ. ಟಾರ್ಕ್ ಕನ್ವರ್ಟರ್ ಇರುವ ಡಬ್ಬಿಯಲ್ಲಿ ಎಣ್ಣೆ ಎತ್ತುವ ಪಂಪು ತಿರುಗುವುದು ಇಂಜಿನ್ ತಿರುಗಿದಾಗ ಮಾತ್ರ. ಇಂಜಿನ್ ಬಂದ್ ಇಟ್ಟು ಚಕ್ರ ಉರುಳಿಸಿದರೆ ಒಳಗಿನ ಗೇರುಗಳು ಎಣ್ಣೆಯಿಲ್ಲದೆ ತಿರುಗುತ್ತವೆ. ಬರೀ ವೈರಿನ ದೋಷ ಇದ್ದ ಗಾಡಿ ದಾರಿಯಲ್ಲೇ ನಿಜವಾದ ಗೇರ್ ಬಾಕ್ಸ್ ಕೆಲಸ ಹಚ್ಚಿಕೊಂಡು ಬರುತ್ತದೆ. ಒಂದು ಟೆಂಪೊ ಬಾಡಿಗೆ ಹೋದರೆ ಹೋಗಲಿ, ನಾಲ್ಕೂ ಚಕ್ರ ಮೇಲೆತ್ತಿ ತರಿಸಿ.

ನಾವೆಲ್ಲ ಅಂಬಾಸಿಡರ್, ಜೀಪು, ಟ್ರ್ಯಾಕ್ಟರ್, ಟೆಂಪೊ ಬಿಚ್ಚಿ ಬೆಳೆದವರು. ಅಲ್ಲಿ ಗೇರ್ ಅಂದರೆ ಕಬ್ಬಿಣ ಮತ್ತು ಎಣ್ಣೆ. ಮೊದಮೊದಲ ಆಟೊಮ್ಯಾಟಿಕ್ಕೂ ಹಾಗೇ ಇತ್ತು. ಅಮೆರಿಕದ ಓಲ್ಡ್ಸ್‌ಮೊಬೈಲ್ 1940ರ ಮಾಡೆಲ್ಲಿಗೆ ಹಾಕಿದ ಹೈಡ್ರಾಮ್ಯಾಟಿಕ್ ಡಬ್ಬಿಯಲ್ಲಿ ಗೇರ್ ಬದಲಿಸುತ್ತಿದ್ದುದು ಎಣ್ಣೆಯ ಒತ್ತಡ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಈಗಿನದ್ದರಲ್ಲಿ ಕಬ್ಬಿಣ ಮತ್ತು ಎಣ್ಣೆ ಆಳು ಮಾತ್ರ, ಹುಕುಂ ಕೊಡುವುದು ವೈರು. ನಮ್ಮ ಕಡೆ ಈ ಗಾಡಿಗಳು ಹೆಚ್ಚಾದದ್ದು 2014ರ ಮೇಲೆ. ಆ ವರ್ಷದ ಫೆಬ್ರುವರಿಯಲ್ಲಿ ಮಾರುತಿ ಸೆಲೆರಿಯೊ ಎಎಂಟಿ ಬಂತು, ಅದರ ಗೇರ್ ಹಾಕುವ ಯಂತ್ರ ಮ್ಯಾಗ್ನೆಟಿ ಮರೆಲಿಯದ್ದು. ಮಾಮೂಲಿ ಗೇರ್ ಬಾಕ್ಸು, ಮಾಮೂಲಿ ಕ್ಲಚ್ ಪ್ಲೇಟು. ಕ್ಲಚ್ ತುಳಿಯುವ ಕಾಲು, ಗೇರ್ ಹಾಕುವ ಕೈ ಎರಡರ ಕೆಲಸವನ್ನೂ ಒಂದು ಕರೆಂಟ್ ಪಂಪು ಮತ್ತು ನಾಲ್ಕಾರು ಸೊಲೆನಾಯ್ಡ್ ಮಾಡುತ್ತವೆ. ಸಿವಿಟಿ, ಡಬಲ್ ಕ್ಲಚ್ಚಿನವೂ ಇವೆ. ಟಾರ್ಕ್ ಕನ್ವರ್ಟರಿನವು ಮೊದಲೇ ಇದ್ದವು. ಗಿರಾಕಿಗೆ ಎಲ್ಲವೂ "ಆಟೊಮ್ಯಾಟಿಕ್". ನಾವಾದರೂ ಬೇರೆ ಬೇರೆ ಅಂತ ತಿಳಿದು ಕೈ ಹಚ್ಚಬೇಕು. ಒಂದು ವಿಷಯದಲ್ಲಿ ಮಾತ್ರ ನಾಲ್ಕೂ ಒಂದೇ: ಲೆಕ್ಕ ಹಾಕುವ ಪೆಟ್ಟಿಗೆಗೆ, ಅಂದರೆ ಟಿಸಿಎಮ್ಮಿಗೆ, ಸರಿಯಾದ ಕರೆಂಟು, ಸರಿಯಾದ ಅರ್ತಿಂಗು, ಸರಿಯಾದ ಸುದ್ದಿ ಸಿಗಬೇಕು.

ಸುದ್ದಿ ತಪ್ಪಿದರೆ ಅದು ಏನು ಮಾಡುತ್ತದೆ ಅನ್ನುವುದನ್ನು ತಿಳಿದರೆ ಅರ್ಧ ಗಾಡಿಗಳು ಇಳಿಯುವುದು ತಪ್ಪುತ್ತದೆ. ಗೇರ್ ಬಾಕ್ಸಿನ ಒಳಗೆ ಹೋಗುವ ಶಾಫ್ಟ್ ಎಷ್ಟು ತಿರುಗುತ್ತಿದೆ, ಹೊರಗೆ ಬರುವುದು ಎಷ್ಟು ತಿರುಗುತ್ತಿದೆ ಅಂತ ಎರಡು ಸ್ಪೀಡ್ ಸೆನ್ಸರ್ ಹೇಳುತ್ತಲೇ ಇರುತ್ತವೆ. ಲಿವರ್ ಎಲ್ಲಿದೆ ಅಂತ ಇನ್ನೊಂದು ಸೆನ್ಸರ್ ಹೇಳುತ್ತದೆ. ಎಣ್ಣೆ ಎಷ್ಟು ಬಿಸಿಯಾಗಿದೆ, ಬ್ರೇಕ್ ತುಳಿದಿದೆಯೋ ಇಲ್ಲವೋ, ಎಲ್ಲಕ್ಕೂ ಒಬ್ಬೊಬ್ಬ ಸಾಕ್ಷಿ. ಸಾಕ್ಷಿಗಳ ಮಾತು ಒಂದಕ್ಕೊಂದು ಕೂಡದಿದ್ದರೆ ಟಿಸಿಎಂ ಯಾರನ್ನೂ ನಂಬುವುದಿಲ್ಲ. ಸೊಲೆನಾಯ್ಡ್‌ಗಳ ಕರೆಂಟ್ ತೆಗೆದುಬಿಡುತ್ತದೆ. ಆಗ ಎಣ್ಣೆ ತಾನಾಗಿ ಯಾವ ಗೇರಿಗೆ ಹರಿಯುತ್ತದೋ ಆ ಗೇರು ಒಂದೇ ಉಳಿಯುತ್ತದೆ. ಬಹಳ ಗಾಡಿಗಳಲ್ಲಿ ಅದು ಮೂರನೆಯದ್ದು. ಅದಕ್ಕೇ ಎದ್ದು ಹೊರಡುವಾಗ ಗಾಡಿ ಜಗ್ಗುವುದಿಲ್ಲ, ಮೇಲಿನ ಸ್ಪೀಡಿನಲ್ಲಿ ಇಂಜಿನ್ ಚೀರುತ್ತದೆ. ಇದಕ್ಕೆ ಲಿಂಪ್ ಮೋಡ್ ಅನ್ನುತ್ತಾರೆ. ಮಾಲಕ ಹೆದರುತ್ತಾನೆ, ಮಿಸ್ತ್ರಿ "ಕ್ಲಚ್ ಪ್ಲೇಟ್ ಸುಟ್ಟಾವ" ಅನ್ನುತ್ತಾನೆ. ಸುಟ್ಟದ್ದೇನೂ ಇರುವುದಿಲ್ಲ. ಸುಡಬಾರದು ಅಂತಲೇ ಅದು ಹಾಗೆ ಮಾಡಿರುತ್ತದೆ.

ಇನ್ನು ಸ್ಕ್ಯಾನರ್. ನಮ್ಮ ದೇಶದಲ್ಲಿ ಬಿಎಸ್-4 ಗಾಡಿಗಳಿಗೆ 2010ರ ಏಪ್ರಿಲ್‌ನಿಂದ ಮೊದಲ ಹಂತದ ಓಬಿಡಿ, 2013ರ ಏಪ್ರಿಲ್‌ನಿಂದ ಎರಡನೆಯ ಹಂತದ್ದು ಕಡ್ಡಾಯವಾಯಿತು. ಅಂದಮೇಲೆ ಸ್ಟೇರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇಲ್ಲದ ಆಟೊಮ್ಯಾಟಿಕ್ ಈಗ ನಿಮ್ಮ ಹತ್ತಿರ ಬರುವುದು ಅಪರೂಪ. ಎಲ್ಲರ ಹತ್ತಿರವೂ ಮೊಬೈಲಿಗೆ ಜೋಡಿಸುವ ಒಂದು ಸಣ್ಣ ಸ್ಕ್ಯಾನರ್ ಇದೆ. ಅದು ಬಹುತೇಕ ಇಂಜಿನ್ ಕಂಪ್ಯೂಟರನ್ನು ಮಾತ್ರ ಓದುತ್ತದೆ. ಗೇರ್ ಬಾಕ್ಸಿನಲ್ಲಿ ಏನೇ ಆಗಿರಲಿ, ಅದಕ್ಕೆ ಕಾಣುವುದು ಪಿ0700 ಒಂದೇ. ಆ ಕೋಡ್ ನಮ್ಮೂರ ವಾಲೀಕಾರ ಇದ್ದಂತೆ: ಪಂಚಾಯ್ತಿಯಲ್ಲಿ ಏನೋ ನಡೆದೈತಿ, ಬರ್ರಿ ಅಂತ ಕರೆಯುತ್ತಾನೆ, ಒಳಗೆ ಏನು ಮಾತಾಯಿತು ಅನ್ನುವುದು ಅವನಿಗೆ ಗೊತ್ತಿಲ್ಲ. ಪಿ0700 ನೋಡಿ ಗೇರ್ ಬಾಕ್ಸ್ ಇಳಿಸಿದವರು ನಮ್ಮಲ್ಲಿ ಇದ್ದಾರೆ. ಟ್ರಾನ್ಸ್‌ಮಿಷನ್ ಒಳಗೆ ಹೊಕ್ಕು ಓದುವ ಸ್ಕ್ಯಾನರ್ ಬೇಕು. ಒಬ್ಬೊಬ್ಬರಿಗೆ ಕೊಳ್ಳಲಿಕ್ಕಾಗದಿದ್ದರೆ ನಾಲ್ಕು ಗ್ಯಾರೇಜ್ ಕೂಡಿ ಒಂದನ್ನು ಕೊಳ್ಳಬಹುದು.

ಒಳಗಿನ ಕೋಡ್ ಸಿಕ್ಕ ಮೇಲೂ ಅವಸರ ಬೇಡ. ಪಿ0715 ಬಂದರೆ ಒಳಶಾಫ್ಟಿನ ಸ್ಪೀಡ್ ಸೆನ್ಸರ್ ಸರ್ಕ್ಯೂಟ್, ಪಿ0720 ಬಂದರೆ ಹೊರಶಾಫ್ಟಿನದ್ದು, ಪಿ0750 ಅಂದರೆ ಮೊದಲ ಶಿಫ್ಟ್ ಸೊಲೆನಾಯ್ಡ್. "ಸರ್ಕ್ಯೂಟ್" ಅಂದಿದೆ, "ಸೆನ್ಸರ್ ಕೆಟ್ಟಿದೆ" ಅಂದಿಲ್ಲ. ಸರ್ಕ್ಯೂಟಿನಲ್ಲಿ ಸೆನ್ಸರ್ ಒಂದು ಭಾಗ, ವೈರ್ ಒಂದು ಭಾಗ, ಕಪ್ಲರ್ ಒಂದು ಭಾಗ, ಅರ್ತಿಂಗ್ ಒಂದು ಭಾಗ. ನಾವು ಬದಲಿಸುವುದು ಮಾತ್ರ ಅಂಗಡಿಯಲ್ಲಿ ಸಿಗುವ ಭಾಗವನ್ನು. ಇನ್ನೂ ಒಂದು ಚಟ ಇದೆ ನಮಗೆ, ಕೋಡ್ ಕಂಡ ಕೂಡಲೇ ಅಳಿಸಿಬಿಡುವುದು. ಅಳಿಸುವ ಮುಂಚೆ ಫ್ರೀಜ್ ಫ್ರೇಮ್ ತೆಗೆದು ನೋಡಿ. ದೋಷ ಹುಟ್ಟಿದ ಆ ಗಳಿಗೆಯಲ್ಲಿ ಗಾಡಿಯ ಸ್ಪೀಡ್ ಎಷ್ಟಿತ್ತು, ಇಂಜಿನ್ ನೀರು ಎಷ್ಟು ಬಿಸಿ ಇತ್ತು ಅಂತ ಅಲ್ಲಿ ಬರೆದಿರುತ್ತದೆ; ಕೆಲವು ಗಾಡಿಗಳಲ್ಲಿ ವೋಲ್ಟೇಜೂ ಇರುತ್ತದೆ. ಕೋಡಿಗಿಂತ ಅದೇ ಹೆಚ್ಚು ಮಾತಾಡುತ್ತದೆ.

ಹೇಗೆ ಅನ್ನುವುದಕ್ಕೆ ನನ್ನ ಅಂಗಡಿಗೆ ಬಂದ ಒಂದು ಗಾಡಿ. ಮಾಲಕ ತಿಕೋಟಾ ಕಡೆಯ ದ್ರಾಕ್ಷಿ ತೋಟದವರು. ಕಾರಹುಣ್ಣಿಮೆ ಹತ್ತಿರ ಬಂದಿತ್ತು, ಕರಿ ನೋಡಲು ಬರುವ ಜನಕ್ಕೆ ನಮ್ಮೂರು ತಯಾರಾಗುತ್ತಿತ್ತು, ಒಂದೆರಡು ಮಳೆ ಬಿದ್ದಿದ್ದವು. ಗಾಡಿ ಟಾರ್ಕ್ ಕನ್ವರ್ಟರಿನದ್ದು. ಮುಂಜಾನೆ ಎದ್ದು ಸ್ಟಾರ್ಟ್ ಮಾಡಿ ಲಿವರ್ ಡಿ ಗೆ ಹಾಕಿದರೆ ಮೀಟರಿನಲ್ಲಿ ಡಿ ಅಕ್ಷರ ಒಮ್ಮೆ ಕಾಣುತ್ತದೆ, ಒಮ್ಮೆ ಮಾಯ. ಒಂದು ಫರ್ಲಾಂಗ್ ಹೋಗುವುದರೊಳಗೆ ಲಿಂಪ್ ಮೋಡ್. ಮಧ್ಯಾಹ್ನ ಅದೇ ಗಾಡಿ ಏನೂ ಆಗದವರ ಹಾಗೆ ವಿಜಯಪುರಕ್ಕೆ ಹೋಗಿ ಬರುತ್ತದೆ. ಕೋಡ್ ಪಿ0705, ಲಿವರಿನ ಜಾಗ ಹೇಳುವ ಸೆನ್ಸರಿನ ಸರ್ಕ್ಯೂಟ್. ನನಗಿಂತ ಮೊದಲು ನೋಡಿದವರು ಆ ಸೆನ್ಸರನ್ನು ಹೊಸದು ಹಾಕಿದ್ದರು. ಅದಾದ ಮರುದಿನ ಮುಂಜಾನೆ ಮತ್ತೆ ಅದೇ. ಮುಂದಿನ ಮಾತು ನಿಮಗೇ ಗೊತ್ತು: ಡಬ್ಬಿ ಇಳಸಬೇಕು.

ಫ್ರೀಜ್ ಫ್ರೇಮ್ ನೋಡಿದೆ. ಪ್ರತಿ ಸಲವೂ ಇಂಜಿನ್ ನೀರು ಇನ್ನೂ ತಣ್ಣಗಿದ್ದಾಗಲೇ ದೋಷ ದಾಖಲಾಗಿತ್ತು. ಗಾಡಿಯನ್ನು ರಾತ್ರಿ ಅಂಗಡಿಯಲ್ಲೇ ಬಿಡಿಸಿಕೊಂಡು ಬೆಳಕು ಹರಿಯುವ ಮುಂಚೆ ಲೈವ್ ಡಾಟಾ ತೆರೆದು ಕುಳಿತೆ. ಲಿವರ್ ಡಿಯಲ್ಲಿದೆ, ಆದರೆ ಪರದೆ ಮೇಲೆ ಡಿ ಮತ್ತು ಎನ್ ಎರಡೂ ಒಟ್ಟಿಗೆ "ಆನ್". ಒಂದೇ ಲಿವರ್ ಎರಡು ಕಡೆ ಇರಲಿಕ್ಕೆ ಆಗುವುದಿಲ್ಲವಲ್ಲ. ಸೆನ್ಸರಿನ ಕಪ್ಲರನ್ನು ಬಾನೆಟ್ಟಿನೊಳಗೆ ಬಿಚ್ಚಿಬಿಟ್ಟೆ. ಈಗ ಎರಡೂ "ಆಫ್" ಆಗಬೇಕು. ಎನ್ ಮಾತ್ರ ಮಿಣುಕುತ್ತಲೇ ಇತ್ತು. ಕಪ್ಲರ್ ಬಿಚ್ಚಿ ಕೈಯಲ್ಲಿದೆ, ಸುದ್ದಿ ಇನ್ನೂ ಬರುತ್ತಿದೆ ಅಂದರೆ ಆ ಸುದ್ದಿ ಹುಟ್ಟುತ್ತಿರುವುದು ಕಪ್ಲರಿನಿಂದ ಟಿಸಿಎಂವರೆಗಿನ ದಾರಿಯಲ್ಲಿ. ಗೇರ್ ಬಾಕ್ಸ್ ಅಲ್ಲಿಗೇ ಖುಲಾಸೆ ಆಯಿತು. ಒಂದು ಕಪ್ಲರ್ ಬಿಚ್ಚಿದ್ದರಿಂದ ಗೊತ್ತಾದದ್ದು ಇದು, ಒಂದು ಬೋಲ್ಟೂ ಸಡಿಲ ಮಾಡಬೇಕಾಗಲಿಲ್ಲ.

ಆ ಗಾಡಿಯಲ್ಲಿ ಟಿಸಿಎಂ ಇರುವುದು ಎಡಗಡೆ ಮುಂದಿನ ಸೀಟಿನವರು ಕಾಲಿಡುವ ಜಾಗದಲ್ಲಿ, ಕಾರ್ಪೆಟ್ ಹಿಂದೆ. ಕಾರ್ಪೆಟ್ ಎತ್ತಿದರೆ ಕೆಳಗಿನ ಫೆಲ್ಟ್ ಹಸಿ. ಎಲ್ಲಿಂದಲೂ ಮಳೆ ನೀರು ಒಳಗೆ ಬಂದ ಗುರುತಿಲ್ಲ. ಅಂಚಿನಲ್ಲಿ ಬಿಳಿ ಹೆಪ್ಪು ಕಟ್ಟಿತ್ತು, ಬೆರಳಿಗೆ ಹಚ್ಚಿದರೆ ಜಾರುತ್ತಿತ್ತು. ಬ್ಯಾಟರಿ ಬಿಚ್ಚಿ ಟಿಸಿಎಂ ಕಪ್ಲರ್ ತೆಗೆದು ಪಕ್ಕಪಕ್ಕದ ಎರಡು ಪಿನ್ನುಗಳ ನಡುವೆ ಮೀಟರ್ ಹಿಡಿದೆ. ಅಲ್ಲಿ ಏನೂ ತೋರಿಸಬಾರದು, ಓಪನ್ ಬರಬೇಕು. ಕೆಲವೇ ಕಿಲೋಓಮ್ ತೋರಿಸಿತು. ಡಿ ವೈರಿನ 12 ವೋಲ್ಟ್ ಆ ಹಸಿ ಪದರದ ಮೇಲೆ ಹರಿದು ಎನ್ ಪಿನ್ನಿಗೆ ಬರುತ್ತಿತ್ತು, ಪಕ್ಕದ ಕಾಯಂ ಕರೆಂಟಿನ ಪಿನ್ನಿನಿಂದಲೂ ಅಷ್ಟಷ್ಟು ಸೋರಿ ಬರುತ್ತಿತ್ತು. ಪಿನ್ನುಗಳ ಬುಡದಲ್ಲಿ ಹಸಿರು ಹೂ ಬಿಟ್ಟಿತ್ತು.

ಮಾಲಕರನ್ನು ಕರೆದು ಕೇಳಿದೆ, "ಇಲ್ಲಿ ಏನ್ ಇಡ್ತೀರಿ ಗೌಡ್ರ?"

"ಏನೂ ಇಲ್ಲೋ ತಮ್ಮಾ. ಶೆಡ್ಡಿನ ಸಾಮಾನು ತರ್ತಿದ್ವಿ ಅಷ್ಟ."

ಶೆಡ್ಡು ಅಂದಾಗ ಹೊಳೆಯಿತು. ಒಣದ್ರಾಕ್ಷಿ ಮಾಡುವವರು ದ್ರಾಕ್ಷಿ ಅದ್ದುವ ನೀರಿಗೆ ಡಿಪ್ಪಿಂಗ್ ಎಣ್ಣೆಯ ಜೊತೆ ಪೊಟ್ಯಾಸಿಯಂ ಕಾರ್ಬೊನೇಟ್ ಪುಡಿ ಕಲಸುತ್ತಾರೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಅದರ ಚೀಲಗಳು ಆ ಸೀಟಿನ ಮುಂದೆ ಕುಳಿತು ಬಂದಿವೆ, ಒಂದಾದರೂ ಸೋರಿದೆ. ಅದು ಗಾಳಿಯಲ್ಲಿನ ನೀರನ್ನು ಎಳೆದುಕೊಳ್ಳುವ ಪುಡಿ. ನಮ್ಮ ಬೇಸಿಗೆಯ 40 ಡಿಗ್ರಿಯ ಒಣಹವೆಯಲ್ಲಿ ಸುಮ್ಮನೆ ಬಿದ್ದಿತ್ತು. ಮಳೆಗಾಲದ ತೇವ ಬಂತು, ರಾತ್ರಿಯೆಲ್ಲ ನೀರು ಕುಡಿದು ಮುಂಜಾನೆ ರಸವಾಗುತ್ತಿತ್ತು, ಮಧ್ಯಾಹ್ನ ಬಿಸಿಲಿನಲ್ಲಿ ನಿಂತ ಗಾಡಿಯೊಳಗೆ ಕಾದು ಒಣಗುತ್ತಿತ್ತು. ಅದಕ್ಕೇ ಮಧ್ಯಾಹ್ನ ಗಾಡಿ ಲಾಯಕ್ಕು. ಗೌಡರಿಗೆ ನಂಬಿಕೆ ಬರಲಿಲ್ಲ. ಮನೆಯೊಳಗಿಂದ ಒಂದು ಚಿಟಿಕೆ ಅರಿಷಿಣ ತರಿಸಿ ಆ ಹಸಿ ಫೆಲ್ಟಿನ ಮೇಲೆ ಉದುರಿಸಿದೆ. ಅರಿಷಿಣ ಕುಂಕುಮದ ಬಣ್ಣಕ್ಕೆ ತಿರುಗಿತು. ಕ್ಷಾರ ಇದ್ದಲ್ಲಿ ಅದು ಹಾಗೇ ಆಗುತ್ತದೆ. ಮಳೆ ನೀರಾಗಿದ್ದರೆ ಅರಿಷಿಣ ಅರಿಷಿಣವಾಗೇ ಇರುತ್ತಿತ್ತು.

ಆಮೇಲಿನದು ಸಣ್ಣ ಕೆಲಸ. ಕಪ್ಲರನ್ನು ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಒಣಗಿಸಿ, ತಿಂದುಹೋದ ಪಿನ್ನುಗಳನ್ನು ಬದಲಿಸಿದೆ. ಕಾರ್ಪೆಟ್ಟು, ಫೆಲ್ಟು ಪೂರ್ತಿ ಹೊರಗೆ ತೆಗೆದು ತೊಳೆಸಿದೆ. ಅದೊಂದು ಬಿಟ್ಟಿದ್ದರೆ ಮುಂದಿನ ಮಳೆಗೆ ಗಾಡಿ ತಿರುಗಿ ಬರುತ್ತಿತ್ತು. ದ್ರಾಕ್ಷಿ ಬೆಳೆಯುವ ಹಳ್ಳಿಗಳ ಗಾಡಿ ನೋಡುವವರು ಇದನ್ನು ನೆನಪಿಡಿ. ಕಂಪನಿಯ ಪುಸ್ತಕದಲ್ಲಿ ಒಣದ್ರಾಕ್ಷಿ ಶೆಡ್ಡಿನ ಪುಡಿ ಅಂತ ಒಂದು ಅಧ್ಯಾಯ ಇರುವುದಿಲ್ಲ.

ಇದೇ ರೀತಿ ನಮ್ಮ ನೆಲದ ಇನ್ನೊಂದು ಉಪಟಳ ಎರೆಮಣ್ಣು. ಡೋಣಿ ದಂಡೆಯ ಊರುಗಳ ಗಾಡಿಗಳನ್ನು ಕೆಳಗಿನಿಂದ ನೋಡಿ, ಗೇರ್ ಬಾಕ್ಸಿನಿಂದ ಬಾಡಿಗೆ ಬರುವ ಅರ್ತಿಂಗ್ ಪಟ್ಟಿ ಮಣ್ಣಿನ ಗೂಡಿನೊಳಗೆ ಇರುತ್ತದೆ. ಆ ಕಪ್ಪು ಮಣ್ಣು ತೇವ ಹಿಡಿದರೆ ಬಿಡುವುದಿಲ್ಲ, ಮೇಲಾಗಿ ಅಲ್ಲಿ ಸವಳು. ಬೋಲ್ಟಿನ ಕೆಳಗೆ ತುಕ್ಕು ಕೂರುತ್ತದೆ. ನೀವು ಮೀಟರನ್ನು ಓಮ್‌ನಲ್ಲಿಟ್ಟು ಬಾಡಿಗೂ ಗೇರ್ ಬಾಕ್ಸಿಗೂ ಹಿಡಿದರೆ ಬೀಪ್ ಅನ್ನುತ್ತದೆ, ಅರ್ತಿಂಗ್ ಚೊಲೊ ಐತಿ ಅಂತ ಬಿಡುತ್ತೀರಿ. ಓಮ್ ಮೀಟರ್ ಕಳಿಸುವ ಕರೆಂಟು ಚೂರೇ ಚೂರು. ಹತ್ತು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅದು ಬೀಪ್ ಅನ್ನುತ್ತದೆ. ಕೆಲಸದ ಹೊತ್ತಿಗೆ ಆ ಎಳೆಯಿಂದ ಏನೂ ಆಗುವುದಿಲ್ಲ.

ಹಾಗಾಗಿ ವೋಲ್ಟೇಜ್ ಡ್ರಾಪ್ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಯಾವ ಕಪ್ಲರನ್ನೂ ಬಿಚ್ಚಬೇಡಿ. ಇಂಜಿನ್ ಚಾಲೂ ಇರಲಿ, ಎಸಿ, ಹೆಡ್‌ಲೈಟ್, ಹಿಂದಿನ ಗಾಜು ಬಿಸಿ ಮಾಡುವ ಸ್ವಿಚ್ ಎಲ್ಲ ಆನ್ ಮಾಡಿ. ಮೀಟರನ್ನು ಡಿಸಿ ವೋಲ್ಟಿನಲ್ಲಿಟ್ಟು ಕಪ್ಪು ವೈರನ್ನು ಬ್ಯಾಟರಿಯ ಮೈನಸ್ ಕಂಬಕ್ಕೇ ಹಚ್ಚಿ, ಕ್ಲಾಂಪಿಗಲ್ಲ. ಕಂಬಕ್ಕೂ ಕ್ಲಾಂಪಿಗೂ ನಡುವೆಯೇ ದೋಷ ಇರಬಹುದು. ಕೆಂಪು ವೈರನ್ನು ಟಿಸಿಎಂ ಅರ್ತಿಂಗ್ ಪಿನ್ನಿಗೆ ಹಿಂದಿನಿಂದ ತೆಳ್ಳನೆ ಸೂಜಿ ತಾಗಿಸಿ ಹಿಡಿಯಿರಿ. 0.1 ವೋಲ್ಟ್ ಬಂದರೆ ಸರಿ. 0.2 ದಾಟಿದರೆ ಆ ದಾರಿಯ ಒಂದೊಂದು ಜೋಡಣೆಯನ್ನೂ ಹಾಗೇ ಅಳೆಯುತ್ತ ಬನ್ನಿ. ಅರ್ಧ ವೋಲ್ಟ್, ಒಂದು ವೋಲ್ಟ್ ಬಂದರೆ ಗೇರ್ ಬಾಕ್ಸ್ ಬಗ್ಗೆ ಬಾಯಿ ಬಿಡುವುದೇ ಬೇಡ, ಮೊದಲು ಅದನ್ನು ಸರಿ ಮಾಡಿ. ಪ್ಲಸ್ ಕಡೆಗೂ ಇದೇ ರೀತಿ. ಸ್ಕ್ಯಾನರ್ ಇದ್ದವರಿಗೆ ಇನ್ನೊಂದು ಸುಲಭ ದಾರಿ ಇದೆ: ಬ್ಯಾಟರಿ ಮೇಲೆ ಮೀಟರ್ 14.1 ತೋರಿಸುವಾಗ ಟಿಸಿಎಂ ತನಗೆ 12.4 ಮಾತ್ರ ಬರುತ್ತಿದೆ ಅಂದರೆ ನಡುವಿನ 1.7 ವೋಲ್ಟ್ ಎಲ್ಲೋ ತುಕ್ಕಿನಲ್ಲಿ ಉಳಿಯುತ್ತಿದೆ.

ವೈರನ್ನು ಪರೀಕ್ಷಿಸಲು ನಮ್ಮ ಹಳೇ ಟೆಸ್ಟ್ ಲ್ಯಾಂಪೇ ಸಾಕು, ಆದರೆ ಎಲ್‌ಇಡಿಯದ್ದು ಬೇಡ. ಸೊಲೆನಾಯ್ಡ್ ವೈರಿನ ಎರಡೂ ತುದಿ ಕಪ್ಲರಿನಿಂದ ಬಿಚ್ಚಿ, ಟಿಸಿಎಂ ಬೇರೆ ಮಾಡಿ, ಒಂದು ತುದಿಗೆ ಫ್ಯೂಸ್ ಮೂಲಕ ಬ್ಯಾಟರಿ ಪ್ಲಸ್, ಇನ್ನೊಂದು ತುದಿಗೆ 21 ವ್ಯಾಟಿನ ಇಂಡಿಕೇಟರ್ ಬಲ್ಬ್. ಅದು ಒಂದೂವರೆ ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ಬಲ್ಬ್ ಪೂರ್ತಿ ಬೆಳಗಿದರೆ ವೈರ್ ಚೆನ್ನಾಗಿದೆ. ಮಂಕಾದರೆ ಆ ವೈರಿನ ಉದ್ದಕ್ಕೂ ಕೈಯಾಡಿಸುತ್ತ, ಅಲ್ಲಾಡಿಸುತ್ತ ಹೋಗಿ, ಎಲ್ಲಿ ಮಿಣುಕುತ್ತದೋ ಅಲ್ಲೇ ಇಲಿ ಕಡಿದಿದೆ. ಜೋಳದ ಚೀಲ ಇಟ್ಟ ಪಡಸಾಲೆ ಪಕ್ಕದಲ್ಲೇ ಗಾಡಿ ನಿಲ್ಲಿಸುವವರ ಊರು ನಮ್ಮದು, ಇಲಿಯನ್ನು ಮರೆತು ವೈರಿಂಗ್ ನೋಡಲಿಕ್ಕಾಗುವುದಿಲ್ಲ. ಟಿಸಿಎಂ ಜೋಡಿಸಿಟ್ಟುಕೊಂಡು ಮಾತ್ರ ಈ ಬಲ್ಬ್ ಪರೀಕ್ಷೆ ಮಾಡಬೇಡಿ, ಪೆಟ್ಟಿಗೆಯೇ ಸುಟ್ಟುಹೋಗುತ್ತದೆ.

ಸ್ಕ್ಯಾನರಿಗೆ ಟಿಸಿಎಂ ಸಿಗುತ್ತಲೇ ಇಲ್ಲ, ಯು0101 ಬರುತ್ತಿದೆ ಅಂದರೆ ಇಂಜಿನ್ ಕಂಪ್ಯೂಟರಿಗೂ ಗೇರ್ ಬಾಕ್ಸಿನದ್ದಕ್ಕೂ ಮಾತು ನಿಂತಿದೆ. ಅವು ಮಾತಾಡುವುದು ಕ್ಯಾನ್ ಅನ್ನುವ ಎರಡು ಹೆಣೆದ ವೈರುಗಳ ಮೇಲೆ, ಬಾಷ್ ಕಂಪನಿ 1986ರಲ್ಲಿ ಹೊರಗೆ ತಂದ ಪದ್ಧತಿ ಅದು. ಬ್ಯಾಟರಿ ಬಿಚ್ಚಿ ಸ್ಕ್ಯಾನರ್ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳ ನಡುವೆ ಓಮ್ ಅಳೆಯಿರಿ. ಎರಡು ತುದಿಗೆ 120 ಓಮಿನ ಒಂದೊಂದು ರೆಸಿಸ್ಟರ್ ಇರುವುದರಿಂದ 60 ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ. ಸೊನ್ನೆ ಹತ್ತಿರ ಬಂದರೆ ಎರಡು ವೈರು ಎಲ್ಲೋ ಕೂಡಿವೆ. ಸಾಕೆಟ್ಟಿಗೆ ಈ ವೈರುಗಳನ್ನು ನೇರ ತರದ ಗಾಡಿಗಳೂ ಇವೆ, ಅವಕ್ಕೆ ಆ ಗಾಡಿಯ ವೈರಿಂಗ್ ನಕ್ಷೆ ನೋಡಿಯೇ ಮುಂದುವರಿಯಬೇಕು. ಟಿಸಿಎಂ ಹೋಗೈತಿ ಅಂತ ಹೊಸದು ತರಿಸುವ ಮುಂಚೆ ಅದರ ಫ್ಯೂಸ್ ಒಂದನ್ನು ನೋಡಿದ್ದೀರಾ ಅಂತ ಕೇಳಬೇಕಾಗಿ ಬರುವುದು ನನಗೂ ಮುಜುಗರ.

ಲಿವರ್ ಪಿ ಯಿಂದ ಅಲುಗಾಡುತ್ತಲೇ ಇಲ್ಲ ಅಂತ ಬರುವ ಗಾಡಿಗೆ ಹಿಂದೆ ಹೋಗಿ ನಿಂತು ಬ್ರೇಕ್ ತುಳಿಸಿ. ಬ್ರೇಕ್ ಲೈಟ್ ಹತ್ತದಿದ್ದರೆ ಪೆಡಲ್ ಮೇಲಿನ ಸ್ವಿಚ್ಚೋ ಫ್ಯೂಸೋ ಹೋಗಿದೆ, ಬ್ರೇಕ್ ತುಳಿದದ್ದು ಗಾಡಿಗೆ ಗೊತ್ತೇ ಆಗುತ್ತಿಲ್ಲ, ಲಿವರ್ ಬಿಡುವುದಿಲ್ಲ. ಎಎಂಟಿ ಗಾಡಿಗಳಲ್ಲಿ ಕಿವಿಯೇ ಅರ್ಧ ಸ್ಕ್ಯಾನರ್: ಬಹಳ ಗಾಡಿಗಳಲ್ಲಿ ಚಾಲಕನ ಬಾಗಿಲು ತೆಗೆದ ಕೂಡಲೇ ಪಂಪು ಗುಂಯ್ ಅಂದು ಒತ್ತಡ ತುಂಬಿಕೊಂಡು ನಿಲ್ಲಬೇಕು. ಸದ್ದೇ ಇಲ್ಲ ಅಂದರೆ ರಿಲೇ, ಫ್ಯೂಸ್, ಪಂಪಿನ ಮೋಟರ್. ನಿಲ್ಲದೇ ಗುಂಯ್‌ಗುಡುತ್ತಿದ್ದರೆ ಒತ್ತಡ ಸೋರುತ್ತಿದೆ, ಇಲ್ಲವೇ ರಿಲೇ ಅಂಟಿಕೊಂಡಿದೆ. ಕ್ಲಚ್ ಪ್ಲೇಟ್ ಹೊಸದು ಹಾಕಿ ಸ್ಕ್ಯಾನರಿನಿಂದ ಕಲಿಕೆ ಕೊಡದೆ ಕಳಿಸಿದ ಗಾಡಿ ಜಿಗಿಯುತ್ತದೆ, ಜಿಗಿದರೆ ಅದು ಗಾಡಿಯ ತಪ್ಪಲ್ಲ.

ಗೇರ್ ಬಾಕ್ಸ್ ನಿಜವಾಗಿ ಹೋಗುವುದೂ ಉಂಟು. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ, ಎಣ್ಣೆ ಇಳಿಸಿದಾಗ ಕಬ್ಬಿಣದ ಚೂರು ಬಂದರೆ, ಕರೆಂಟೆಲ್ಲ ಸರಿ ಇದ್ದೂ ಒಳಶಾಫ್ಟು ಹೊರಶಾಫ್ಟುಗಳ ಲೆಕ್ಕ ಕೂಡದೆ ಜಾರುತ್ತಿದ್ದರೆ ಇಳಿಸಲೇಬೇಕು. ಇಳಿಸಿ. ನನ್ನ ತಕರಾರು ಅದಕ್ಕಲ್ಲ.

ಈಗ ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಬರೆದದ್ದರಲ್ಲಿ ನಿಮಗೆ ಗೊತ್ತಿಲ್ಲದ್ದು ಬಹಳ ಇಲ್ಲ ಅನ್ನುವುದು ನನಗೆ ಗೊತ್ತು. ನಿಮ್ಮಲ್ಲಿ ಕೆಲವರು ನನಗಿಂತ ಮುಂಚೆ ಸ್ಕ್ಯಾನರ್ ಹಿಡಿದವರು. ಆದರೂ ಡಬ್ಬಿ ಇಳಿಯುತ್ತದೆ. ಯಾಕೆ? ನಮ್ಮ ಕಸುಬಿನಲ್ಲಿ ಬಿಚ್ಚಿದ್ದಕ್ಕೆ ರೊಕ್ಕ ಇದೆ, ಜೋಡಿಸಿದ್ದಕ್ಕೆ ಇದೆ, ಹೊಸ ಸಾಮಾನಿನ ಮೇಲೆ ನಾಲ್ಕು ಕಾಸು ಇದೆ. ನೋಡಿದ್ದಕ್ಕೆ ಇಲ್ಲ. ಅರ್ಧ ದಿನ ಮೀಟರ್ ಹಿಡಿದು ಕುಳಿತು ಕೊನೆಗೆ ಒಂದು ಪಿನ್ ಒರೆಸಿ ಕೊಟ್ಟರೆ ಗಿರಾಕಿ ಕೇಳುವುದು ಒಂದೇ, "ಬರೇ ವೈರ್ ಅಳ್ಳಾಡಿಸಿದ್ರಿ, ಇದಕ್ಕೇನ್ ರೊಕ್ಕ ಕೊಡೂದ್ರೀ?" ಅದೇ ಡಬ್ಬಿ ಇಳಿಸಿ ಕೈ ಕಾಲು ಎಣ್ಣೆ ಮಾಡಿಕೊಂಡು ಕುಳಿತರೆ ಮಾತಾಡದೆ ಎಣಿಸುತ್ತಾನೆ. ಮನೆ ಬಾಡಿಗೆ, ಹುಡುಗರ ಪಗಾರ, ಸ್ಕ್ಯಾನರಿನ ಕಂತು ಎಲ್ಲ ನಡೆಯಬೇಕಾದ ಮಿಸ್ತ್ರಿ ಯಾವ ದಾರಿ ಹಿಡಿಯಬೇಕು? ತಪ್ಪು ಅವನೊಬ್ಬನದ್ದಲ್ಲ.

ಗಾಡಿ ಇಟ್ಟವರೂ ಈ ಪತ್ರ ಓದುತ್ತಿದ್ದರೆ ನಿಮಗೂ ಹೇಳುತ್ತೇನೆ. ಸರ್ಕ್ಯೂಟ್ ಹುಡುಕುವುದೇ ಕೆಲಸ, ಪಾನಾ ತಿರುಗಿಸುವುದು ಅದರ ಕೊನೆಯ ತುದಿ. ನೋಡಿದ್ದಕ್ಕೆ ನೀವು ನೂರು ಕೊಡದಿದ್ದರೆ ಬಿಚ್ಚಿದ್ದಕ್ಕೆ ಸಾವಿರಗಟ್ಟಲೆ ಕೊಡಬೇಕಾಗುತ್ತದೆ. ಮತ್ತೆ, ಗಾಡಿಯೊಳಗೆ ಏನು ಹೇರಿದ್ದಿರಿ, ಯಾವಾಗ ನೀರು ಹೊಕ್ಕಿತು, ಎಲ್ಲಿ ಯಾರು ಹೊಸ ಸ್ಪೀಕರ್ ಹಾಕಲು ವೈರ್ ಕೊಯ್ದರು, ಇದನ್ನೆಲ್ಲ ಬಚ್ಚಿಡದೆ ಹೇಳಿ.

ನಾವು ಮೂರು ತಾಲೂಕಿನವರು ಕೂಡಿ ಎರಡು ಮಾತು ಒಪ್ಪಿಕೊಳ್ಳೋಣ ಅಂತ ನನ್ನ ಪ್ರಸ್ತಾಪ. ಒಂದು, ದೋಷ ಹುಡುಕುವುದಕ್ಕೆ ಬೇರೆ ದರ, ಅದನ್ನು ಬೋರ್ಡ್ ಮೇಲೆ ಬರೆದು ಗೋಡೆಗೆ ಹಾಕುವುದು. ಒಬ್ಬರೇ ಹಾಕಿದರೆ ಗಿರಾಕಿ ಪಕ್ಕದ ಗ್ಯಾರೇಜಿಗೆ ಹೋಗುತ್ತಾನೆ, ಅದಕ್ಕೇ ಎಲ್ಲರೂ ಹಾಕಬೇಕು ಅನ್ನುತ್ತಿದ್ದೇನೆ. ಇನ್ನೊಂದು, ಡಬ್ಬಿ ಇಳಿಸುವ ಮುಂಚೆ ಬ್ಯಾಟರಿ ವೋಲ್ಟು, ಟಿಸಿಎಂ ವೋಲ್ಟು, ಅರ್ತಿಂಗ್ ಡ್ರಾಪು, ಸಿಕ್ಕ ಕೋಡು, ಫ್ರೀಜ್ ಫ್ರೇಮಿನ ಲೆಕ್ಕ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಗಿರಾಕಿಗೆ ಕೊಡುವುದು. ಆ ಗಾಡಿ ಮುಂದೆ ನನ್ನಲ್ಲಿಗೆ ಬಂದರೂ ಅಥವಾ ನಿಮ್ಮಲ್ಲಿಗೆ ಬಂದರೂ ಎರಡನೆಯವನು ಸೊನ್ನೆಯಿಂದ ಹಿಡಿಯಬೇಕಾಗುವುದಿಲ್ಲ. ಹಳೇ ಸಾಮಾನು ಬದಲಿಸಿದ್ದರೆ ಅದನ್ನೂ ಚೀಟಿ ಜೊತೆಗೇ ಗಿರಾಕಿ ಕೈಗೆ ಕೊಡಿ. ದರ ಎಷ್ಟಿರಬೇಕು ಅನ್ನುವುದನ್ನು ನಾನೊಬ್ಬನೇ ಹೇಳಲಾರೆ. ಪಟ್ಟಣದಲ್ಲಿ ಒಂದು ನಡೆಯುತ್ತದೆ, ಬಬಲೇಶ್ವರದಲ್ಲಿ ಇನ್ನೊಂದು, ನನ್ನೂರಲ್ಲಿ ಮತ್ತೂ ಕಡಿಮೆ.

ಅದನ್ನು ಮಾತಾಡಲು ಬರುವ ಅಮಾವಾಸ್ಯೆ ದಿನ, ಹೆಂಗೂ ಅರ್ಧ ಗ್ಯಾರೇಜ್ ಬಂದ್ ಇರುತ್ತವೆ, ಕಾಖಂಡಕಿಗೆ ಬನ್ನಿ. ಮಹಿಪತಿದಾಸರ ಗುಡಿ ಕೇಳಿದರೆ ಯಾರಾದರೂ ದಾರಿ ತೋರಿಸುತ್ತಾರೆ, ಅಲ್ಲಿ ಬಂದು ನನ್ನ ಅಂಗಡಿ ಕೇಳಿ. ಚಹಾ, ಮಂಡಕ್ಕಿ, ಮಿರ್ಚಿ ನನ್ನದು. ಆ ಹಸಿರು ಹೂ ಬಿಟ್ಟ ಪಿನ್ನುಗಳನ್ನೂ, ಇಲಿ ಕಡಿದ ಹಾರ್ನೆಸ್ಸಿನ ತುಂಡನ್ನೂ, ಒಂದೇ ಎಳೆ ಉಳಿದ ವೈರನ್ನೂ ಮೇಜಿನ ಮೇಲೆ ಇಟ್ಟಿರುತ್ತೇನೆ, ಹುಡುಗರು ತಾವೇ ಅಳೆದು ನೋಡಲಿ. ಮೀಟರ್ ನಿಮ್ಮದೇ ತನ್ನಿ. ಬರುವ ಮುಂಚೆ ಅದರೊಳಗಿನ 9 ವೋಲ್ಟಿನ ಸೆಲ್ ಹೊಸದು ಹಾಕಿಸಿ. ಸೆಲ್ ಇಳಿದ ಅಗ್ಗದ ಮೀಟರ್ ಇದ್ದದ್ದಕ್ಕಿಂತ ಹೆಚ್ಚು ವೋಲ್ಟ್ ತೋರಿಸುತ್ತದೆ, ಆಮೇಲೆ ನಮ್ಮ ನಮ್ಮಲ್ಲೇ ಜಗಳ ಬೇಡ.

ನಿಮ್ಮವ,
ಕಾಖಂಡಕಿಯ ಒಬ್ಬ ಆಟೊ ಇಲೆಕ್ಟ್ರಿಷಿಯನ್